ರಕ್ತದ ಗಿರಾಕಿ

ಸೂಫಿಯಾಳ ಪಿಎಚ್.ಡಿ. ಸುದ್ದಿ ಪೇಪರಿನಲ್ಲಿ ಬಂದ ದಿನ ಅವಳ ಅಪ್ಪ ಮಲಂಗಸಾಬ ಮಾನ್ವಿಯ ತನ್ನ ಅಂಗಡಿಯಲ್ಲಿ ವ್ಯಾಪಾರ ಮಾಡಿದ್ದು ಕಡಿಮೆ, ಪೇಪರು ಓದಿಸಿದ್ದೇ ಹೆಚ್ಚು. ಹಗ್ಗ, ತಾಡಪತ್ರಿ, ಗೋಣಿಚೀಲ ಕೊಳ್ಳಲು ಬಂದವರ ಕೈಗೆಲ್ಲ ಆ ಪುಟ ಕೊಟ್ಟು ‘ಜೋರಾಗಿ ಓದ್ರಿ’ ಎನ್ನುತ್ತಿದ್ದ. ‘ರಕ್ತಕೋಶಗಳ ಬೆಳವಣಿಗೆಯಲ್ಲಿ ಕೋಶಕೇಂದ್ರ ಗ್ರಾಹಕಗಳ ಪಾತ್ರ’ ಎಂದು ಪೇಪರಿನವರು ಬರೆದಿದ್ದರು. ಮಲಂಗಸಾಬನಿಗೆ ಅದರಲ್ಲಿ ತಿಳಿದದ್ದು ಗ್ರಾಹಕ ಎಂಬ ಒಂದೇ ಶಬ್ದ. ಬ್ಯಾಂಕಿನ ಗೋಡೆಯ ಮೇಲೂ ಕರೆಂಟ್ ಬಿಲ್ಲಿನ ಮೇಲೂ ಅದನ್ನು ನೋಡಿದ್ದ.

‘ನನ್ನ ಮಗಳು ಗಿರಾಕಿ ಮ್ಯಾಲ ಓದ್ಯಾಳ್ರೀ. ನಾ ಹುಟ್ಟಿದಾಗಿಂದ ಗಿರಾಕಿ ನೋಡಾಕತ್ತೀನಿ, ನನಗ ಯಾರೂ ಡಾಕ್ಟರ್ ಅನ್ನಲಿಲ್ಲ ನೋಡ್ರಿ!’ ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಸೂಫಿಯಾ ತಿದ್ದಲು ನೋಡಿದಳು. ಎಲುಬಿನ ಮಜ್ಜೆಯಲ್ಲಿ ರಕ್ತದ ಕೋಶಗಳು ಎಳೆಯವಾಗಿ ಹುಟ್ಟುತ್ತವೆ, ಆಮೇಲೆ ಹಂತ ಹಂತವಾಗಿ ಬಲಿಯುತ್ತವೆ. ಕೋಶದ ಕೇಂದ್ರದೊಳಗೆ ಜೀನುಗಳ ಮೇಲೆ ಕೆಲವು ಪ್ರೋಟೀನುಗಳು ಕಾದು ಕೂತಿರುತ್ತವೆ. ನಾವು ತಿಂದ ಎ ವಿಟಮಿನ್ನಿನಿಂದ ಆದ ಸಣ್ಣದೊಂದು ಕಣ ಬಂದು ಆ ಪ್ರೋಟೀನಿಗೆ ಕೂಡಿಕೊಂಡರೆ ಬಲಿಯುವ ಜೀನುಗಳು ತೆರೆದುಕೊಳ್ಳುತ್ತವೆ. ಆ ಪ್ರೋಟೀನಿನ ಹೆಸರೇ ಗ್ರಾಹಕ. ಇಷ್ಟನ್ನು ಅಪ್ಪನಿಗೆ ತಿಳಿಯುವಂತೆ ಹೇಳಿ ಮುಗಿಸುವಷ್ಟರಲ್ಲಿ ಮಲಂಗಸಾಬ ಯಾರಿಗೋ ಹಗ್ಗ ಅಳೆದು ಕೊಟ್ಟು ಬಂದಿದ್ದ. ತಮ್ಮ ಇನಾಯತ್ ಅಂದಿನಿಂದ ಅಕ್ಕನನ್ನು ‘ರಕ್ತದ ಗಿರಾಕಿ’ ಎಂದೇ ಕಾಡಿಸತೊಡಗಿದ. ಅವಳೂ ನಕ್ಕು ಬಿಟ್ಟಳು. ತಾಯಿ ತೀರಿಕೊಂಡ ಮೇಲೆ ಎತ್ತಿ ಆಡಿಸಿ ಬೆಳೆಸಿದ ತಮ್ಮ ಅವನು, ಅವನು ಏನಂದರೂ ಅವಳಿಗೆ ಚಂದವೇ.

ಹೈದರಾಬಾದಿನ ಪ್ರಯೋಗಾಲಯದಲ್ಲಿ ಅಷ್ಟು ವರ್ಷ ಕಣ್ಣು ಸವೆಸಿದವಳಿಗೆ ಕೊನೆಗೆ ಸಿಕ್ಕಿದ್ದು ರಾಯಚೂರಿನ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನ ಕೆಲಸ. ಗ್ರಾಹಕದ ಗೊಡವೆ ಅಲ್ಲಿ ಯಾರಿಗೆ ಬೇಕು? ಸಕ್ಕರೆ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಡೆಂಗ್ಯೂ ಇದೆಯೋ ಇಲ್ಲವೋ, ಇಷ್ಟು ಹೇಳಿದರೆ ಸಂಬಳ. ಮದುವೆಯ ವಯಸ್ಸು ದಾಟಿತೆಂದು ಊರವರು ಅವಳ ಪರವಾಗಿ ತೀರ್ಮಾನ ಮಾಡಿಬಿಟ್ಟಿದ್ದರು. ಅದರ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ತನ್ನ ಓದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ ಎಂಬ ಹೊಟ್ಟೆಯುರಿ ಮಾತ್ರ ಇತ್ತು, ಅದನ್ನು ಯಾರ ಮುಂದೆಯೂ ಹೇಳಿಕೊಂಡವಳಲ್ಲ.

ಇನಾಯತ್‌ಗೆ ದೇವದುರ್ಗದಿಂದ ಹೆಣ್ಣು ತಂದಿದ್ದರು. ಹುಡುಗಿಯ ಹೆಸರು ಮಿನಾಜ್. ಮೆಲ್ಲಗೆ ಮಾತಾಡುವ, ಆಪಾ ಆಪಾ ಎಂದು ಸೂಫಿಯಾಳ ಹಿಂದೆಮುಂದೆ ಸುಳಿಯುವ ಹುಡುಗಿ. ಅವಳ ತಾಯಿ ಗುಲ್ಶನ್ ಬೇಗಂ ದೇವದುರ್ಗದ ಬಜಾರಿನಲ್ಲಿ ಬಳೆ ಮಾರುವವಳು. ಗಂಡ ಹೋದ ಮೇಲೆ ಬಳೆ ಪೆಟ್ಟಿಗೆಯನ್ನೇ ನಂಬಿಕೊಂಡು ಮಗಳನ್ನು ದೊಡ್ಡದು ಮಾಡಿದವಳು.

ಬಳೆ ಇಡಿಸುವುದೆಂದರೆ ಸುಮ್ಮನೆ ಮಾರಿದಂತಲ್ಲ. ಹೆಂಗಸಿನ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಬೆರಳು ಕೂಡಿಸಿ ಒತ್ತಿ, ಮೆತ್ತಗೆ ಮಾಡಿ, ಗಾಜು ಒಡೆಯದಂತೆ ಏರಿಸಬೇಕು. ಹಾಗೆ ಎಷ್ಟೋ ಕೈ ಹಿಡಿದ ಗುಲ್ಶನ್ ಬೇಗಂಗೆ ಮುಂಗೈ ನೋಡಿದರೆ ಮನೆ ತಿಳಿಯುತ್ತಿತ್ತು. ನೀಲಿ ಕಲೆ ಕಂಡರೆ ಅವಳು ಏನೂ ಕೇಳುತ್ತಿರಲಿಲ್ಲ. ಕೇಳಿದರೂ ‘ಬಿದ್ದೆ’, ‘ಬಾಗಲ ಬಡೀತು’, ಇವೆರಡೇ ಉತ್ತರ. ಕಲೆ ಮುಚ್ಚುವಷ್ಟು ಬಳೆ ಹೆಚ್ಚಿಗೆ ಏರಿಸಿ ಕಳಿಸುತ್ತಿದ್ದಳು. ಅವಳ ಗಂಡನೂ ಬದುಕಿರುವತನಕ ಕೈ ಸುಮ್ಮನಿಟ್ಟುಕೊಂಡವನಲ್ಲ. ಅವಳೂ ಓಣಿಯಲ್ಲಿ ‘ಬಿದ್ದೆ’ ಎನ್ನುತ್ತಲೇ ಬಾಳಿದವಳು.

ಹಬ್ಬದ ಮುಂಚೆ ಮಗಳಿಗೆ ಬಳೆ ಇಡಿಸಲೆಂದು ಮಾನ್ವಿಗೆ ಬಂದವಳು ಮಗಳ ತೋಳು ನೋಡಿ ಬಳೆ ಕೆಳಗಿಟ್ಟಳು. ಮೊಣಕೈ ಮೇಲೆ ಅಂಗೈಯಗಲದ ನೀಲಿ ಕಲೆ, ತೊಡೆಯ ಮೇಲೆ ಇನ್ನೂ ದೊಡ್ಡದು, ಹಸಿರಿಗೆ ತಿರುಗುತ್ತಿರುವ ಹಳೆಯ ಕಲೆ ಬೆನ್ನ ಮೇಲೆ.

‘ಯಾವಾಗಿಂದ ಹೊಡ್ಯಾಕತ್ಯಾನ?’

‘ಯಾರೂ ಹೊಡದಿಲ್ಲ ಅಮ್ಮೀ. ತಾನ ಬರಾಕತ್ತಾವ.’

‘ಹೊಡಸಕೊಂಡಾಕಿ ಬಾಯಾಗ ಬ್ಯಾರೆ ಮಾತು ನಾ ಎಲ್ಲೆ ಕೇಳೀನಿ? ನಡಿ.’

ಅಳಿಯ ಅಂಗಡಿಯಿಂದ ಬರುವಷ್ಟರಲ್ಲಿ ತಾಯಿ ಮಗಳು ಇಬ್ಬರೂ ದೇವದುರ್ಗದ ಬಸ್ಸು ಹತ್ತಿ ಆಗಿತ್ತು. ಇನಾಯತ್ ಹೆಂಡತಿಯನ್ನು ಹೊಡೆದು ಸಾಯಿಸುವುದೊಂದು ಬಾಕಿ ಎಂಬ ಸುದ್ದಿ ಆ ಬಸ್ಸಿಗಿಂತ ಮುಂಚೆ ಊರು ಮುಟ್ಟಿತು.

ಮಲಂಗಸಾಬ ಮಗಳಿಗೆ ಫೋನ್ ಮಾಡಿ ಅತ್ತುಬಿಟ್ಟ. ಸೂಫಿಯಾ ತಮ್ಮನನ್ನು ಫೋನಿಗೆ ಕರೆಸಿ ಕೇಳಿದಳು.

‘ಖರೇ ಹೇಳು. ಕೈ ಎತ್ತೀಯೇನು?’

‘ಖುದಾ ಕಸಮ್ ಆಪಾ. ಒಂದು ಬಟ್ಟು ಹಚ್ಚಿಲ್ಲ.’ ಅವನೂ ಅಳುತ್ತಿದ್ದ.

ತಮ್ಮನ ಮುಂಗೋಪ ಅವಳಿಗೆ ಗೊತ್ತಿಲ್ಲದ್ದಲ್ಲ. ಸಿಟ್ಟಿಗೆ ಮೊಬೈಲನ್ನು ಗೋಡೆಗೆ ಒಗೆದವನೇ ಅವನು. ಆದರೂ ಆ ಅಳು ಸುಳ್ಳಿನದಲ್ಲ ಎನ್ನಿಸಿತು. ಮಿನಾಜ್‌ಗೆ ಹಲ್ಲು ಉಜ್ಜುವಾಗ ರಕ್ತ ಬರುತ್ತದೆಯೇ, ಮೂಗಿನಿಂದ ಬಂದಿತ್ತೇ, ಕಾಲಿನ ಮೇಲೆ ಸಣ್ಣ ಚುಕ್ಕೆಗಳಿವೆಯೇ ಎಂದು ಒಂದೊಂದೇ ಕೇಳಿದಳು.

‘ವಸಡಿನಾಗ ಬರ್ತದ. ತಿಂಗಳದ್ದೂ ನಿಂತಿಲ್ಲ ಅಂತಿದ್ಲು. ಕಾಲ ಮ್ಯಾಲ ಕೆಂಪು ಚುಕ್ಕಿ ಅವ, ಸೊಳ್ಳಿ ಕಡದಾವ ಅಂದ್ಕೊಂಡೆ.’

ಸೂಫಿಯಾ ಫೋನು ಇಟ್ಟಳು. ಡೆಂಗ್ಯೂ ಇರಬಹುದು, ಇನ್ನೇನೋ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ತಲೆಯೊಳಗೆ ಸುತ್ತುತ್ತಿದ್ದದ್ದು ಅವಳ ಪ್ರಬಂಧದ ಒಂದು ಇಡೀ ಅಧ್ಯಾಯವನ್ನು ನುಂಗಿದ್ದ ರೋಗ, ರಕ್ತದ ಕ್ಯಾನ್ಸರಿನ ಒಂದು ಬಗೆ. ಆ ರೋಗದಲ್ಲಿ ಗ್ರಾಹಕದ ಜೀನು ಮುರಿದು ಇನ್ನೊಂದು ಜೀನಿಗೆ ಅಂಟಿಕೊಳ್ಳುತ್ತದೆ. ಹಾಗೆ ಕೆಟ್ಟ ಗ್ರಾಹಕ ಬಲಿಯುವ ಜೀನುಗಳ ಮೇಲೆ ಕೂತುಬಿಟ್ಟರೆ ಏಳುವುದಿಲ್ಲ. ಕೋಶಗಳು ಎಳೆಯವಾಗಿಯೇ ಉಳಿದು ಹೆಚ್ಚುತ್ತಾ ಹೋಗುತ್ತವೆ, ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತವೆ. ಬೇಗ ಹಿಡಿದರೆ ವಾಸಿಯಾಗುವ ರೋಗ. ತಡವಾದರೆ ಮೆದುಳಿನಲ್ಲಿ ರಕ್ತ ಸೋರಿ ಕ್ಷಣದಲ್ಲಿ ಮುಗಿದುಹೋಗುವ ರೋಗ.

ಮರುದಿನ ರಜೆ ಹಾಕಿ, ಕಲ್ಮಲದ ಮೇಲೆ ಹಾದು ಬಿಸಿಲಲ್ಲಿ ದೇವದುರ್ಗ ಮುಟ್ಟಿದಳು. ಗುಲ್ಶನ್ ಬೇಗಂ ಹೊಸ್ತಿಲು ದಾಟಿಸಲಿಲ್ಲ.

‘ಖಾಲಾ, ಒಂದು ಹನಿ ರಗತ ಕೊಡ್ರಿ ಸಾಕು. ಇಲ್ಲೇ ಬೆರಳ ಚುಚ್ಚಿ ತಗೊಂಡು ಹೋಗ್ತೀನಿ.’

‘ನಿನ್ನ ತಮ್ಮ ತಗೊಂಡಿದ್ದು ಸಾಲಲಿಲ್ಲೇನು? ನೀ ಬ್ಯಾರೆ ಚುಚ್ಚಾಕ ಬಂದಿ?’

‘ಇದು ಹೊಡತ ಅಲ್ರೀ. ರಗತದ ಬ್ಯಾನಿ ಇದ್ದಂಗದ.’

‘ಓದಿದಾಕಿ ಅಲ್ಲೇನವಾ! ತಮ್ಮ ಹೊಡದ್ರ ಅದಕ್ಕೂ ಒಂದು ಇಂಗ್ಲಿಷ್ ಹೆಸರು ಇಡ್ತಿ. ಮುಂದಿನ ವಾರ ಸಿರವಾರದಾಗ ಜಮಾತ್ ಕೂಡಸೀವಿ, ಅಲ್ಲಿ ಬಂದು ಹೇಳು.’

ಬಾಗಿಲ ಸಂದಿಯಿಂದ ಮಿನಾಜ್‌ಳ ಮುಖ ಕಂಡಿತು, ಸುಣ್ಣದಂತೆ ಬಿಳಿಚಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಳು, ತಾಯಿ ಬಾಗಿಲು ಹಾಕಿಕೊಂಡಳು. ಸೂಫಿಯಾಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಸಿಟ್ಟಾಗುವುದು? ನಿಜ ಹೇಳುವವಳು ಹೊಡೆದವನೆಂದು ಹೆಸರಾದವನ ಅಕ್ಕ. ಈ ಮಾತನ್ನು ದಾರಿಹೋಕನೊಬ್ಬ ಹೇಳಿದ್ದರೂ ಗುಲ್ಶನ್ ಬೇಗಂ ನಂಬುತ್ತಿದ್ದಳೇನೋ.

ಆ ವಾರವೆಲ್ಲ ಗುಲ್ಶನ್ ಬೇಗಂ ಮಗಳಿಗೆ ಅರಿಶಿನ ಹಚ್ಚಿದಳು, ಬಿಸಿನೀರಿನ ಕಾವು ಕೊಟ್ಟಳು, ಹಾಲು ಮೊಟ್ಟೆ ತಿನ್ನಿಸಿದಳು. ಗಂಡನ ಮನೆ ಬಿಟ್ಟು ಬಂದ ಮೇಲೂ ಹೊಸ ಕಲೆ ಮೂಡಿದಾಗ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಒಳಪೆಟ್ಟು, ಈಗ ಮೇಲೆ ಬರುತ್ತಿದೆ ಎಂದುಕೊಂಡಳು. ಅವಳ ಮೈಮೇಲೂ ಒಂದು ಕಾಲಕ್ಕೆ ಹಾಗೇ ಬರುತ್ತಿದ್ದವು.

ಎರಡೂ ಊರಿಗೆ ನಡುವೆ ಎಂದು ಸಿರವಾರದ ಒಬ್ಬ ನೆಂಟರ ಅಡತಿ ಅಂಗಡಿಯಲ್ಲಿ ನ್ಯಾಯ ಕೂಡಿತು. ಭತ್ತದ ಚೀಲಗಳ ನಡುವೆ ಚಾಪೆ ಹಾಸಿ ಹಿರಿಯರು ಕೂತರು. ದೇವದುರ್ಗದ ಕಡೆಯಿಂದ ಮೀರಾಹುಸೇನ ಎಂಬ ಹಿರಿಯ ಮುಂದಾಳು, ಹಣ್ಣಿನ ವ್ಯಾಪಾರಿ, ತೂಕದ ಮನುಷ್ಯನೆಂದು ಹೆಸರು. ಸೂಫಿಯಾ ಕರೆಯದಿದ್ದರೂ ಬಂದು ಕೂತಳು.

‘ತಮ್ಮನ ಕಡಿಂದ ವಕೀಲಿ ಮಾಡಾಕ ಬಂದೀಯೇನವಾ?’ ಎಂದ ಮೀರಾಹುಸೇನ.

‘ಇಲ್ರೀ ಚಾಚಾ. ಆಕಿ ಸಾಯ್ತಾಳ ಅಂತ ಹೇಳಾಕ ಬಂದೀನಿ. ಮೊದಲ ದವಾಖಾನಿ, ಆಮ್ಯಾಲ ನ್ಯಾಯ.’

‘ಸಾಯೂ ಹಂಗ ಹೊಡದವರು ಯಾರು ಅನ್ನೂದ ಈಗ ಮಾತು.’

ಜನ ತಲೆಯಾಡಿಸಿದರು. ಮಿನಾಜ್‌ಳನ್ನು ಕರೆದು ತೋಳು ತೋರಿಸು ಎಂದರು. ಅಷ್ಟು ಗಂಡಸರ ಮುಂದೆ ಆ ಹುಡುಗಿ ತೋಳೇರಿಸಿ ನಿಂತಳು. ‘ಅವ್ರು ಹೊಡದಿಲ್ರೀ’ ಎಂದು ಮತ್ತೆ ಹೇಳಿದಳು. ‘ಪಾಪ, ಎಷ್ಟ ಅಂಜ್ಯಾಳ ನೋಡ್ರಿ’ ಎಂದು ಹಿಂದಿನಿಂದ ಯಾರೋ ಲೊಚಗುಟ್ಟಿದರು. ಮೂಲೆಯಲ್ಲಿ ಕೂತಿದ್ದ ಇನಾಯತ್ ತಲೆ ಎತ್ತಲಿಲ್ಲ. ಅವನ ಕಿವಿಗಳು ಕೆಂಪಗಾಗಿದ್ದವು.

ಆಗ ಮಿನಾಜ್‌ಳ ಮೂಗಿನಿಂದ ರಕ್ತ ಇಳಿಯಿತು. ದುಪಟ್ಟಾ ಒತ್ತಿಹಿಡಿದಳು, ದುಪಟ್ಟಾ ತೊಯ್ದಿತು. ತಾಯಿಯ ಸೆರಗು ತೊಯ್ದಿತು. ತಲೆಗೆ ನೀರು ಹಾಕಿದರು, ಈರುಳ್ಳಿ ಜಜ್ಜಿ ಹಿಡಿದರು, ನಿಲ್ಲಲಿಲ್ಲ. ಚಾಪೆಯ ಮೇಲೆ ಹರಿದು ಭತ್ತದ ಚೀಲಕ್ಕೆ ತಾಗಿದಾಗ ನ್ಯಾಯ ಹೇಳಲು ಬಂದವರೆಲ್ಲ ಎದ್ದು ನಿಂತರು. ಮೀರಾಹುಸೇನ ತನ್ನ ಗಾಡಿಯ ಕೀಲಿ ತೆಗೆದ.

ರಾಯಚೂರಿನ ಲ್ಯಾಬಿನಲ್ಲಿ ಸೂಫಿಯಾ ತಾನೇ ಸ್ಲೈಡು ಮಾಡಿ ಮೈಕ್ರೋಸ್ಕೋಪಿನಡಿ ಇಟ್ಟಳು. ಬಲಿತ ಬಿಳಿ ಕೋಶಗಳು ಇರಬೇಕಾದಲ್ಲಿ ದಪ್ಪ ದಪ್ಪ ಎಳೆ ಕೋಶಗಳು. ಕೆಲವುಗಳ ಹೊಟ್ಟೆಯೊಳಗೆ ಕಟ್ಟಿಗೆ ಹೊರೆ ಕಟ್ಟಿಟ್ಟಂತೆ ಸೂಜಿಗಳ ಕಂತೆ. ಪುಸ್ತಕದಲ್ಲಿ, ಪರದೆಯ ಮೇಲೆ, ಬೇರೆಯವರ ಸ್ಲೈಡುಗಳಲ್ಲಿ ನೂರು ಸಲ ನೋಡಿದ ಚಿತ್ರ. ಮನೆಯವರ ರಕ್ತದಲ್ಲಿ ಅದನ್ನು ಗುರುತು ಹಿಡಿದಾಗ ತನ್ನ ಊಹೆ ಸರಿಯಾಯಿತೆಂಬ ಒಂದು ಸಣ್ಣ ಖುಷಿ ಅವಳೊಳಗೆ ಹಾದುಹೋಯಿತು. ಅದಕ್ಕಾಗಿ ಆಮೇಲೆ ಬಹಳ ನಾಚಿಕೊಂಡಳು.

ಡಾಕ್ಟರ್ ಉದಯಕುಮಾರ ಸ್ಲೈಡು ನೋಡಿದವರೇ, ಪಕ್ಕಾ ಮಾಡುವ ಪರೀಕ್ಷೆಗೆ ರಕ್ತವನ್ನು ಹೈದರಾಬಾದಿಗೆ ಕಳಿಸಿ, ಉತ್ತರಕ್ಕೆ ಕಾಯದೆ ಗುಳಿಗೆ ಶುರುಮಾಡಿದರು. ಎ ವಿಟಮಿನ್ನಿನ ಬಳಗದ್ದೇ ಮೆತ್ತನೆಯ ಗುಳಿಗೆ. ಜೊತೆಗೆ ಬಾಟಲಿಗಟ್ಟಲೆ ಪ್ಲೇಟ್ಲೆಟ್ಟು, ಪ್ಲಾಸ್ಮಾ.

‘ಇಷ್ಟು ದೊಡ್ಡ ಬ್ಯಾನಿಗೆ ವಿಟಮಿನ್ ಗುಳಿಗಿ ಕೊಡ್ತಾರೇನು?’ ಎಂದು ಗುಲ್ಶನ್ ಬೇಗಂ ಕಾರಿಡಾರಿನಲ್ಲಿ ಸೂಫಿಯಾಳ ಕೈ ಹಿಡಿದಳು. ಅವಳ ಸೆರಗಿನ ಮೇಲೆ ಮಗಳ ರಕ್ತ ಒಣಗಿತ್ತು. ಸೂಫಿಯಾ ಅವಳ ಪಕ್ಕ ಕೂತಳು.

‘ಖಾಲಾ, ನಿಮ್ಮ ಅಂಗಡಿ ಬಾಗಲದಾಗ ಒಬ್ಬಾಕಿ ಗಿರಾಕಿ ಬಂದು ಕುಂತಾಳ ಅಂದ್ಕೋರಿ. ತಗೊಳ್ಳಂಗಿಲ್ಲ, ಏಳಂಗಿಲ್ಲ. ಹಿಂದಿನವ್ರಿಗೆ ದಾರಿನೂ ಬಿಡಂಗಿಲ್ಲ.’

‘ಅಂಥಾವ್ರು ಬಾಳ ಮಂದಿ ಅದಾರ.’

‘ಏನ ಮಾಡ್ತೀರಿ?’

‘ಒಂದೆರಡು ಡಜನ್ ತೋರಸಿದ್ರ ಏಳಂಗಿಲ್ಲ ಅವು. ಇಡೀ ಪೆಟ್ಟಿಗಿ ತಗದು ಮುಂದ ಸುರುವಬೇಕು. ಕಣ್ಣು ತುಂಬತಾವ, ಎದ್ದು ಹೋಗ್ತಾವ.’

‘ಈ ಗುಳಿಗಿ ಮಾಡೂದು ಅದನ್ನ. ಮಿನಾಜ್‌ನ ರಗತದೊಳಗ ಅಂಥಾ ಗಿರಾಕಿ ಕುಂತದ. ಮೈಯಾಗಿನ ವಿಟಮಿನ್ ಅದಕ್ಕ ಸಾಲವಲ್ದು. ಬಾಳಷ್ಟು ಒಮ್ಮೆಲೆ ಸುರುವಿದ್ರ ಏಳತದ. ಅದು ಎದ್ರ ಅಂಗಡಿ ತಗೀತದ, ಎಳೀ ರಗತ ಬಲೀತದ.’

ಗುಲ್ಶನ್ ಬೇಗಂ ಸೂಫಿಯಾಳ ಕೈ ಬಿಟ್ಟಳು. ‘ಆಕಿ ಖರೇನ ಹೇಳಿದ್ಲು ಹಂಗಾರ’ ಎಂದಳು. ಆಮೇಲೆ ಎದೆ ಬಡಿದುಕೊಂಡು ಅತ್ತಳು. ಅವಳನ್ನು ಸಮಾಧಾನ ಮಾಡಲು ಸೂಫಿಯಾಗೆ ಮನಸ್ಸು ಬರಲಿಲ್ಲ. ಒಂದು ವಾರ ಬಾಗಿಲು ಹಾಕಿಕೊಂಡು ಕೂತವಳು ಈಗ ಅಳಲಿ ಎಂದುಕೊಂಡಳು.

ಮೊದಲ ದಿನಗಳು ಕತ್ತಿಯ ಮೇಲಿನ ನಡಿಗೆ. ಎಳೆ ಕೋಶಗಳು ಒಮ್ಮೆಲೇ ಬಲಿಯತೊಡಗಿದಾಗ ಮಿನಾಜ್‌ಳಿಗೆ ಉಸಿರು ಕಟ್ಟಿತು, ಜ್ವರ ಬಂತು. ಡಾಕ್ಟರು ಸ್ಟಿರಾಯ್ಡ್ ಕೊಟ್ಟರು. ಅದೂ ಕೋಶಕೇಂದ್ರದ ಇನ್ನೊಂದು ಗ್ರಾಹಕವನ್ನೇ ಹಿಡಿದು ಕೆಲಸ ಮಾಡುವ ಔಷಧಿ. ಇನಾಯತ್ ವಾರ್ಡಿನ ಹೊರಗೆ ನೆಲದ ಮೇಲೆ ಮಲಗಿದ, ರಕ್ತ ಕೊಟ್ಟ, ಊಟ ಬಿಟ್ಟ. ಸೂಫಿಯಾ ದಿನಾ ಸ್ಲೈಡು ನೋಡುತ್ತಿದ್ದಳು. ದಪ್ಪ ಕೋಶಗಳ ಕೇಂದ್ರ ಮೆಲ್ಲಗೆ ಕುಗ್ಗಿತು, ಬಾಗಿತು, ಹಾಲೆ ಹಾಲೆಯಾಗಿ ಸೀಳಿತು. ಕೆಟ್ಟ ಕೋಶಗಳನ್ನು ಯಾರೂ ಕೊಲ್ಲಲಿಲ್ಲ, ಅವೇ ಬುದ್ಧಿ ಬಂದಂತೆ ಬಲಿತು ತಮ್ಮ ಆಯುಷ್ಯ ಮುಗಿಸಿ ಹೋದವು. ತಿಂಗಳುಗಟ್ಟಲೆ ಹೈದರಾಬಾದಿಗೆ ಅಲೆದು ಉಳಿದ ಚಿಕಿತ್ಸೆಯೂ ಮುಗಿಯಿತು. ಮುರಿದ ಗ್ರಾಹಕದ ಗುರುತು ಕೂಡ ರಕ್ತದಲ್ಲಿ ಸಿಗಲಿಲ್ಲ.

ಸಿರವಾರದ ಅದೇ ಅಡತಿ ಅಂಗಡಿಯಲ್ಲಿ ಮತ್ತೊಮ್ಮೆ ಜನ ಕೂಡಿದರು. ಗುಲ್ಶನ್ ಬೇಗಂ ಸೆರಗೊಡ್ಡಿ ಅಳಿಯನ ಮಾಫಿ ಕೇಳಿದಳು. ಇನಾಯತ್‌ಗೆ ಚೆಂಡುಹೂವಿನ ಹಾರ ಹಾಕಿದರು. ಮೀರಾಹುಸೇನ ಎದ್ದು ನಿಂತು ಫೈಸಲಾ ಹೇಳಿದ:

‘ಬೇಗುನಾ, ಏನೂ ತಪ್ಪಿಲ್ಲದ ಹುಡುಗನ್ನ ನಾವೆಲ್ಲ ಕೂಡಿ ಬದನಾಮ್ ಮಾಡಿದ್ವಿ. ಇನ್ನ ಮ್ಯಾಲ ಈ ಹುಡುಗಿ ಮೈಮ್ಯಾಲ ಏನರೆ ಕಲಿ ಕಂಡ್ರ ಯಾರೂ ಇವನ ಕಡೆ ಬಟ್ಟು ಮಾಡಬಾರದು. ಸೀದಾ ಸೂಫಿಯಾನ ಹತ್ರ ಕರ್ಕೊಂಡು ಹೋಗಬೇಕು. ಆಕಿ ಏನ ಹೇಳ್ತಾಳ ಅದ ಖರೆ.’

ಸೂಫಿಯಾಳ ಕಣ್ಣು ತುಂಬಿದವು. ಅವಳ ಓದನ್ನು ಮಂದಿ ನಂಬಿದ ಮೊದಲ ದಿನ ಅದು. ತಮ್ಮನ ಮುಖ ನೋಡಿದಳು. ಅವನು ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಹಾರದ ಹೂವೊಂದನ್ನು ಎಸಳು ಎಸಳಾಗಿ ಹರಿಯುತ್ತ, ತನ್ನ ಕಾಲಬಳಿ ಕೂತ ಅತ್ತೆಯನ್ನು ನೋಡುತ್ತಿದ್ದ. ಅವಮಾನ ಇನ್ನೂ ಆರಿಲ್ಲ ಪಾಪ, ಎಂದುಕೊಂಡಳು ಸೂಫಿಯಾ. ಪಾಪ ಎಂದದ್ದು ಎಂಥ ದಡ್ಡತನ ಎಂಬುದು ತಿಳಿಯಲು ಅವಳಿಗೆ ವರ್ಷ ಹಿಡಿಯಿತು.

ಆ ವರ್ಷ ಕಳೆದು ಒಂದು ಬೆಳಿಗ್ಗೆ ಗುಲ್ಶನ್ ಬೇಗಂಳ ಫೋನು ಬಂತು. ‘ಬೇಟಿ, ಆ ಕಲಿ ತಿರುಗಿ ಬಂದಾವ. ಇನಾಯತ್ ನನಗ ಹೇಳಿ ಕಳಿಸಿದ್ದ, ನಿನ್ನೆ ಮಾನ್ವಿಗೆ ಬಂದೆ. ಅವನೇ ನಮ್ಮನ್ನ ಬಸ್ ಹತ್ತಿಸ್ಯಾನ. ರಾಯಚೂರಿಗೆ ಬರಾಕತ್ತೀವಿ.’

ರೋಗ ಮರಳಿದೆ. ಮರಳಿದರೆ ಮೊದಲಿನಷ್ಟು ಸಲೀಸಲ್ಲ ಎಂಬುದು ಸೂಫಿಯಾಳಿಗಿಂತ ಚೆನ್ನಾಗಿ ಆ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಬಂದಾಗ ಮಿನಾಜ್‌ಳ ಮುಖ ಕೂಡ ಸರಿಯಾಗಿ ನೋಡಲಿಲ್ಲ. ರಕ್ತ ತೆಗೆದಳು, ಒಳಗೆ ಓಡಿದಳು.

ಪ್ಲೇಟ್ಲೆಟ್ಟು ಎರಡೂವರೆ ಲಕ್ಷ. ಸರಿಯಾಗಿತ್ತು. ಹೆಪ್ಪುಗಟ್ಟುವ ಪರೀಕ್ಷೆಯೂ ಸರಿ. ನಂಬಿಕೆ ಬರದೆ ಸ್ಲೈಡಿನ ಮೂಲೆ ಮೂಲೆ ಹುಡುಕಿದಳು. ಎಳೆಯದೊಂದೂ ಇಲ್ಲ. ಎಲ್ಲ ಬಲಿತ, ಹಾಲೆಯೊಡೆದ, ಆರೋಗ್ಯದ ಕೋಶಗಳು. ಗ್ರಾಹಕಗಳು ತಮ್ಮ ಕೆಲಸವನ್ನು ತಾವು ಅಚ್ಚುಕಟ್ಟಾಗಿ ಮಾಡಿದ್ದವು. ‘ಯಾ ಅಲ್ಲಾಹ್’ ಎಂದು ಕಣ್ಣು ಮುಚ್ಚಿ ಉಸಿರುಬಿಟ್ಟಳು. ರೋಗವಿಲ್ಲ!

ಆ ಸಂತೋಷ ಇದ್ದದ್ದು ಕಣ್ಣು ತೆರೆಯುವವರೆಗೆ. ರಕ್ತದಲ್ಲಿ ಏನೂ ಇಲ್ಲದಿದ್ದರೆ ಕಲೆ ಎಲ್ಲಿಂದ ಬಂದವು?

ಮೇಜಿನ ಮೇಲೆ ಫೋನು ಗುನುಗಿತು. ಇನಾಯತ್.

‘ನೋಡಿದಿ ಆಪಾ? ಅದ ಬ್ಯಾನಿ ಅಲ್ಲೇನು?’

ಹಿಂದಿನ ಸಲ ಫೋನಿನಲ್ಲಿ ಗಳಗಳ ಅತ್ತವನ ದನಿಯಲ್ಲಿ ಈಗ ಒಂದಿಷ್ಟೂ ಗಾಬರಿ ಇರಲಿಲ್ಲ. ಅಂಗಡಿಯಲ್ಲಿ ಕೂತು ಯಾರಿಗೋ ಹಗ್ಗದ ದರ ಹೇಳುತ್ತಲೇ ಕೇಳುತ್ತಿದ್ದ.

‘ಇನ್ನೂ ನೋಡಾಕತ್ತೀನಿ’ ಎಂದು ಸೂಫಿಯಾ ಫೋನು ಇಟ್ಟಳು.

ಮಿನಾಜ್‌ಳನ್ನು ಒಬ್ಬಳನ್ನೇ ಒಳಗೆ ಕರೆದು ತೋಳೇರಿಸಿ ನೋಡಿದಳು. ಮೊದಲ ಸಲದ ಕಲೆಗಳು ಎಲ್ಲೆಂದರಲ್ಲಿ ತಾವೇ ಮೂಡಿದ್ದವು. ಇವು ಹಾಗಿರಲಿಲ್ಲ. ತೋಳಿನ ಒಂದು ಬದಿಗೆ ಸಾಲಾಗಿ ನಾಲ್ಕು, ಇನ್ನೊಂದು ಬದಿಗೆ ಒಂದು. ಬೆನ್ನ ಮೇಲೆ ಉದ್ದನೆಯ ಬಾಸುಂಡೆ, ಹೊಸೆದ ಹಗ್ಗದ ಮುರಿ ಸಹಿತ ಮೂಡಿತ್ತು.

‘ಯಾವಾಗಿಂದ?’

‘ಹಾರ ಹಾಕಿದ್ರಲ್ಲ, ಅವತ್ತಿಂದ.’ ಮಿನಾಜ್ ತೋಳು ಇಳಿಸಿಕೊಂಡಳು. ‘ಹೊಡೀಲಾರದ ಹೊಡದಾವ ಅನಿಸಿಕೊಂಡೀನಿ, ಈಗ ಹೊಡದ್ರ ಏನಾತು ಅಂತಾರ. ಎಲ್ಲಿ ಹೋಗಿ ಹೇಳ್ತಿ ಹೇಳು, ರಗತದ ಬ್ಯಾನಿ ಅಂತ ಜಮಾತನ ಹೇಳ್ಯದ ಅಂತಾರ. ನಿಮ್ಮ ಹೆಸರು ಹೇಳ್ತಾರ ಆಪಾ, ಹೊಡಿಯೂ ಮುಂದ.’

ಸೂಫಿಯಾಳ ಓದು, ಅವಳ ಹೆಸರು, ಅವಳು ಹೊಸ್ತಿಲಲ್ಲಿ ನಿಂತು ಬೇಡಿಕೊಂಡ ಆ ಒಂದು ನಿಜ, ಎಲ್ಲವೂ ತಮ್ಮನ ಕೈಯ ಹಗ್ಗವಾಗಿತ್ತು. ಹೇಸಿಗೆಯಾಯಿತು. ಅವನ ಮೇಲೆ ಆದಷ್ಟೇ ತನ್ನ ಮೇಲೂ ಆಯಿತು.

‘ನನಗ ಯಾಕ ಹೇಳಲಿಲ್ಲ?’

‘ನೀವು ಅವ್ರ ಅಕ್ಕ ಅಲ್ಲೇನ್ರಿ?’ ಎಂದಳು ಮಿನಾಜ್, ಸಿಟ್ಟಿಲ್ಲದೆ. ಆಮೇಲೆ ಹತ್ತಿರ ಬಂದು ಸೂಫಿಯಾಳ ಎರಡೂ ಕೈ ಹಿಡಿದಳು. ‘ಆಪಾ, ರಗತ ಕೆಟ್ಟದ ಅಂತ ಹೇಳಿಬಿಡ್ರಿ. ಹಿಂದಕ ದವಾಖಾನ್ಯಾಗ ಇದ್ದಾಗ ಅವ್ರು ನೆಲದ ಮ್ಯಾಲ ಮಲಗಿದ್ರು, ನನ್ನ ಸಲುವಾಗಿ ಊಟ ಬಿಟ್ಟಿದ್ರು. ಬ್ಯಾನಿ ಬಂದ್ರ ಮತ್ತ ಹಂಗ ಆಗ್ತಾರ.’

ಇಷ್ಟು ಹೇಳಿ ಅವಳು ಭರವಸೆಯಿಂದ ಸೂಫಿಯಾಳ ಮುಖ ನೋಡಿದಳು. ಸೂಫಿಯಾ ಅವಳನ್ನು ತಬ್ಬಿಕೊಳ್ಳಲು ಹೋಗಿ, ಬೆನ್ನಿನ ಬಾಸುಂಡೆ ನೆನಪಾಗಿ ಕೈ ಹಿಂದೆಗೆದುಕೊಂಡಳು.

ಹೇಳಿಬಿಡಬಹುದಿತ್ತು. ‘ಅನುಮಾನ ಅದ, ಇಲ್ಲೇ ಇಟ್ಕೊಂಡು ನೋಡೂಣ’ ಎಂದರೆ ಯಾರೂ ಕೇಳುವವರಿರಲಿಲ್ಲ. ಆಕಿ ಏನ ಹೇಳ್ತಾಳ ಅದ ಖರೆ. ಅಪ್ಪನ ಮುಪ್ಪು, ಮನೆಯ ಮಾನ, ತಮ್ಮನ ಹೆಸರು ಎಲ್ಲ ಉಳಿಯುತ್ತಿದ್ದವು. ಗುಣವಾದ ಮೇಲೆ ಆ ಹುಡುಗಿ ಮತ್ತೆ ಅದೇ ಮನೆಗೆ ಹೋಗುತ್ತಿದ್ದಳು. ಸೂಫಿಯಾ ಬಾಗಿಲು ತೆರೆದು ಕಾರಿಡಾರಿಗೆ ಬಂದಳು.

ಗುಲ್ಶನ್ ಬೇಗಂ ಬೆಂಚಿನಿಂದ ಎದ್ದಳು. ‘ಏನಾತು ಬೇಟಿ? ಗುಳಿಗಿ ಚಾಲೂ ಮಾಡೂಣೇನು?’

‘ಖಾಲಾ, ರಗತ ಚೊಲೋ ಅದ. ಬ್ಯಾನಿ ಬಂದಿಲ್ಲ.’

ಇಂಥ ಮಾತು ಕೇಳಿದರೆ ಯಾವ ತಾಯಿಯಾದರೂ ಮೇಲೆ ನೋಡಿ ಕೈ ಮುಗಿಯುತ್ತಾಳೆ. ಗುಲ್ಶನ್ ಬೇಗಂಳ ಮುಖ ಬಾಡಿಹೋಯಿತು.

‘ಇನ್ನೊಮ್ಮಿ ನೋಡು.’

‘ನೋಡೀನಿ.’

‘ಮಷೀನ್ ತಪ್ಪಿರತದ. ಬ್ಯಾರೆ ಕಡೆ ಕಳಿಸು, ಹೈದರಾಬಾದಿಗೆ ಕಳಿಸು.’

‘ಮಷೀನ್ ತಪ್ಪಿಲ್ಲ ಖಾಲಾ. ನನ್ನ ತಮ್ಮ ಹೊಡದಾನ.’

ಬೆಂಚಿನ ಮೇಲೆ ಕೂತಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ಅಷ್ಟು ಜೋರಾಗಿಯೇ ಹೇಳಿದ್ದಳು ಸೂಫಿಯಾ. ಗುಲ್ಶನ್ ಬೇಗಂ ಅವಳನ್ನು ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮತ್ತೆ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

‘ಗೊತ್ತದ ಬೇಟಿ,’ ಎಂದಳು. ‘ನಿನ್ನೆ ಆಕಿ ಕೈ ಹಿಡದಾಗನ ಗೊತ್ತಾತು. ಬ್ಯಾನಿ ಆಗಿದ್ರ ನಿನ್ನ ಹತ್ರ ಗುಳಿಗಿ ಅದ ಅಂತ ಕರ್ಕೊಂಡು ಬಂದೆ.’